ಪಿಎಸ್‌ಎ ಇಳಿದಿದೆ, ಪೆಟ್ ಸ್ಕ್ಯಾನಿನಲ್ಲಿ ಹೊಳಪು ಜಾಸ್ತಿಯಾಗಿದೆ. ಯಾವುದನ್ನು ನಂಬೋದು?

ಹಾಸನದ ಹುಡುಗ:
ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್, ಮೂಳೆಗೂ ಹಬ್ಬಿದೆ. ಟೆಸ್ಟೋಸ್ಟೆರಾನ್ ಇಳಿಸೋ ಲ್ಯುಪ್ರೊಲೈಡ್ ಇಂಜೆಕ್ಷನ್ ನಡೆಯುತ್ತಿದ್ದಾಗಲೇ ರಕ್ತ ಪರೀಕ್ಷೆಯ ಪಿಎಸ್‌ಎ ಏರತೊಡಗಿತು, ಅದಕ್ಕೆ ಎಂಜಲುಟಮೈಡ್ ಮಾತ್ರೆ ಸೇರಿಸಿದರು. ಈಗ ಪಿಎಸ್‌ಎ ಚೆನ್ನಾಗಿ ಇಳಿದಿದೆ. ಆದರೆ ಮಾತ್ರೆ ಶುರುವಾಗಿ ತಿಂಗಳು ತುಂಬುವ ಮೊದಲೇ ಮಾಡಿಸಿದ ಪಿಎಸ್‌ಎಂಎ ಪೆಟ್‌ನಲ್ಲಿ ಸೊಂಟದ ಮೂಳೆಯ ಎಸ್‌ಯುವಿ ಮ್ಯಾಕ್ಸ್ (ಹೊಳಪಿನ ಅಳತೆ) 11 ಇದ್ದದ್ದು 16 ಆಗಿದೆ. ರಿಪೋರ್ಟ್ ನೋಡಿದಾಗಿನಿಂದ ಅಮ್ಮ ಊಟ ಬಿಟ್ಟಿದ್ದಾರೆ. ಡಾಕ್ಟರ್ ಸಿಗೋದು ಮುಂದಿನ ವಾರ. ರೋಗ ಬೆಳೆದಿದೆ ಅಂತಲೇ ಅರ್ಥವಾ?

ಲ್ಯಾಬ್ ಕೋಟು:
ಅಷ್ಟರಿಂದಲೇ ಹಾಗೆ ಹೇಳೋಕಾಗಲ್ಲ. ಪಿಎಸ್‌ಎ, ಪಿಎಸ್‌ಎಂಎ ಎರಡೂ ಬೇರೆ ಬೇರೆ: ಪಿಎಸ್‌ಎ ರಕ್ತದಲ್ಲಿ ಅಳೆಯುವ ಪ್ರೋಟೀನ್, ಪಿಎಸ್‌ಎಂಎ ಪ್ರಾಸ್ಟೇಟ್ ಕೋಶದ ಮೈಮೇಲೆ ಇರುವ ಪ್ರೋಟೀನ್. ಟೆಸ್ಟೋಸ್ಟೆರಾನ್ ಹೋಗಿ ಕೂರುವ ಆಂಡ್ರೋಜನ್ ರಿಸೆಪ್ಟರ್ ಕೆಲಸ ಮಾಡುತ್ತಿದ್ದರೆ ಪಿಎಸ್‌ಎ ತಯಾರಾಗುತ್ತದೆ, ಆದರೆ ಅದೇ ರಿಸೆಪ್ಟರ್ ಪಿಎಸ್‌ಎಂಎಯ ಜೀನನ್ನು ಅದುಮಿ ಇಡುತ್ತದೆ. ಎಂಜಲುಟಮೈಡ್ ರಿಸೆಪ್ಟರನ್ನು ತಡೆದಾಗ ಪಿಎಸ್‌ಎ ಇಳಿಯುತ್ತದೆ, ಜೀವಕೋಶದ ಮೈಮೇಲೆ ಪಿಎಸ್‌ಎಂಎ ಜಾಸ್ತಿಯಾಗುತ್ತದೆ. ಸ್ಕ್ಯಾನಿಗೆ ಕೊಡುವ ಗ್ಯಾಲಿಯಂ ಔಷಧಿ ಅಂಟೋದು ಈ ಪಿಎಸ್‌ಎಂಎಗೇ. ಅಂದರೆ ಕೋಶ ಅಷ್ಟೇ ಇದ್ದರೂ ಹೊಳಪು ಏರಬಹುದು.

ನಾವು ಲ್ಯಾಬಿನಲ್ಲಿ ಎಲ್‌ಎನ್‌ಕ್ಯಾಪ್ ಅನ್ನೋ ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳನ್ನು ಬೆಳೆಸುವಾಗ ಇದ್ದಿಲಿನ ಪುಡಿ ಹಾಕಿ ಹಾರ್ಮೋನ್ ತೆಗೆದ ಸೀರಮ್ ಬಳಸುತ್ತೇವೆ. ಆ ಡಿಶ್‌ನಲ್ಲಿ ಪಿಎಸ್‌ಎ ಕಡಿಮೆಯಾಗಿ ಪಿಎಸ್‌ಎಂಎ ಏರುತ್ತದೆ. ಪಿಸಿ-3 ಅನ್ನೋ ಇನ್ನೊಂದು ಬಗೆಯ ಕೋಶಕ್ಕೆ ಪಿಎಸ್‌ಎಂಎಯೇ ಇಲ್ಲ, ಹಾಗಾಗಿ ಹಾರ್ಮೋನ್ ತೆಗೆದರೂ ಏನೂ ಹೊಳೆಯಲ್ಲ.

ಕುತೂಹಲಿ:
ಹಾಗಾದರೆ ಸ್ಕ್ಯಾನಿಗೆ ಮುಂಚೆ ಎಲ್ಲರಿಗೂ ಹಾರ್ಮೋನ್ ಮದ್ದು ಕೊಟ್ಟುಬಿಟ್ಟರೆ ಸಣ್ಣ ಗಡ್ಡೆಯೂ ಕಾಣುತ್ತದಲ್ವಾ?

ಲ್ಯಾಬ್ ಕೋಟು:
ಕೇಳೋಕೆ ಚೆನ್ನಾಗಿದೆ, ಆದರೆ ರೋಗಿ ಯಾವ ಹಂತದಲ್ಲಿದ್ದಾನೆ ಅನ್ನೋದರ ಮೇಲೆ ಎಲ್ಲ ತಿರುಗಿಬಿಡುತ್ತದೆ. ಸಿಡ್ನಿಯ ತಂಡವೊಂದು 2019ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನದಲ್ಲಿ, ಮೊದಲ ಸಲ ಹಾರ್ಮೋನ್ ಚಿಕಿತ್ಸೆ ತೆಗೆದುಕೊಂಡವರಲ್ಲಿ 9ನೇ ದಿನಕ್ಕೇ ಹೊಳಪು ಇಳಿದಿತ್ತು. ಹಾಸನದ ಹುಡುಗನ ತಂದೆಯ ಹಾಗೆ ಇಂಜೆಕ್ಷನ್ನಿಗೆ ಬಗ್ಗದ ರೋಗ ಇದ್ದವರಲ್ಲಿ ಅದೇ ಹೊತ್ತಿಗೆ ಏರಿತ್ತು. ತಿಂಗಳುಗಟ್ಟಲೆ ಮದ್ದು ನಡೆದು ಕೋಶಗಳು ಸತ್ತರೆ ಅಥವಾ ಗಡ್ಡೆ ಕುಗ್ಗಿದರೆ ಎಷ್ಟೋ ಜಾಗ ಸ್ಕ್ಯಾನಿನಲ್ಲಿ ಕಾಣೋದೇ ಇಲ್ಲ, ಹಾಗಂತ ರೋಗ ಪೂರ್ತಿ ಹೋಯಿತು ಅಂತಲೂ ಅಲ್ಲ. ಸುಮ್ನೆ ಚೆನ್ನಾಗಿ ಕಾಣಲಿ ಅಂತ ಮದ್ದು ಶುರು ಮಾಡೋದು, ನಿಲ್ಲಿಸೋದು ಎರಡೂ ಬೇಡ.

ಶಿವಮೊಗ್ಗದ ಅಕ್ಕ:
ತಮ್ಮಾ, ನಮ್ಮ ಮಾವನವರಿಗೂ ಹಿಂಗೇ ಆಗಿತ್ತು. ಸ್ಕ್ಯಾನ್ ರಿಪೋರ್ಟ್ ಬರೆದವರಿಗೆ ಮಾತ್ರೆ ಶುರುವಾದ ತಾರೀಖೇ ಗೊತ್ತಿರಲಿಲ್ಲ. ಡಾಕ್ಟರ ಹತ್ತಿರ ಹೋಗುವಾಗ ಇಂಜೆಕ್ಷನ್ ಕಾರ್ಡು, ಮಾತ್ರೆ ಶುರುವಾದ ದಿನ, ಪಿಎಸ್‌ಎ ರಿಪೋರ್ಟುಗಳು, ಹಳೇ ಸ್ಕ್ಯಾನಿನ ಸಿಡಿ ಎಲ್ಲ ತೆಗೆದುಕೊಂಡು ಹೋಗಿ. ಹೊಸ ಜಾಗದಲ್ಲಿ ಚುಕ್ಕೆ ಬಂದಿದೆಯಾ ಅಂತ ಕೇಳಿ. ಇದ್ದ ಚುಕ್ಕೆ ಹೊಳೆಯೋದಕ್ಕಿಂತ ಅದನ್ನು ಅವರು ಗಂಭೀರವಾಗಿ ನೋಡುತ್ತಾರೆ. ಎರಡೂ ಸಲ ಒಂದೇ ಟ್ರೇಸರ್ (ಸ್ಕ್ಯಾನಿಗೆ ಕೊಡೋ ಔಷಧಿ) ಹಾಕಿದ್ದರಾ ಅಂತಲೂ ಕೇಳಿ, ಒಮ್ಮೆ ಗ್ಯಾಲಿಯಂ ಇನ್ನೊಮ್ಮೆ ಫ್ಲೋರಿನ್ ಆದರೆ ಅಂಕಿ ಹೋಲಿಸೋದು ಕಷ್ಟ.

ಹಾಸನದ ಹುಡುಗ:
ಥ್ಯಾಂಕ್ಸ್ ಅಕ್ಕಾ. ಫೋಟೋದಲ್ಲಿ ಕೆನ್ನೆ ಹತ್ತಿರ, ಎರಡೂ ಕಿಡ್ನಿ ಕೂಡ ಹೊಳೆಯುತ್ತಿವೆ, ಅದೂ ಭಯ ಹುಟ್ಟಿಸಿತ್ತು.

ಲ್ಯಾಬ್ ಕೋಟು:
ಜೊಲ್ಲಿನ ಗ್ರಂಥಿ, ಕಿಡ್ನಿ, ಮೂತ್ರಚೀಲ ಎಲ್ಲರಿಗೂ ಹೊಳೆಯುತ್ತವೆ. ಅಮ್ಮನಿಗೆ ಮೊದಲು ಅದನ್ನು ಹೇಳಿ ಊಟ ಮಾಡಿಸಿ.