ನಗರದ ಪ್ರವಾಹ ತಡೆಯಲು ಮಳೆಗೆ ಮೊದಲು ಹಣ ಎಲ್ಲಿ ಸುರಿಯಬೇಕು? ನಾಲ್ವರ ಚರ್ಚೆ

ಮಳೆಮಾಪಕ:
ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು ಶೇ. 7ರಷ್ಟು ಹೆಚ್ಚು ತೇವಾಂಶ ಹಿಡಿಯಬಲ್ಲದು. ಅಜ್ಜನ ಕಾಲದ ಮಳೆಯ ಲೆಕ್ಕದಲ್ಲಿ ಹೂತ ಕೊಳವೆಗಳು ಇಂದಿನ ಮಳೆಗೆ ಎಲ್ಲಿ ಸಾಕು? ಟೋಕಿಯೊ ಹೊರವಲಯದ ನೆಲದಡಿಯ ಪ್ರವಾಹ ಕಾಲುವೆ 6.3 ಕಿ.ಮೀ. ಉದ್ದವಿದೆ. ಉಕ್ಕಿದ ಸಣ್ಣ ನದಿಗಳ ನೀರನ್ನು ಸೆಕೆಂಡಿಗೆ 200 ಘನ ಮೀಟರ್‌ನಂತೆ ಎಡೊ ನದಿಗೆ ಎತ್ತಿ ಹಾಕುತ್ತದೆ. ಪ್ರವಾಹಕ್ಕೆ ತುತ್ತಾಗುವ ಪ್ರತಿ ನಗರವೂ ಇಂಥ ಕೆಲಸಕ್ಕೆ ಕೈ ಹಾಕಲೇಬೇಕು. ಉಳಿದದ್ದೆಲ್ಲ ತೇಪೆ.

ತಗ್ಗುಬೀದಿ:
ತೇಪೆಯೇ ಇಲ್ಲದ ಕಡೆ ಸುರಂಗದ ಮಾತು! ಜೋರು ಮಳೆ ಶುರುವಾದ ಹತ್ತು ನಿಮಿಷ ಒಂದು ಚರಂಡಿಯ ಜಾಲರಿಯನ್ನು ಗಮನಿಸಿ. ಮೊದಲು ಒಣಗಿದ ಎಲೆ ಬಂದು ಕೂರುತ್ತದೆ, ಅದರ ಮೇಲೆ ಪ್ಲಾಸ್ಟಿಕ್ ಚೀಲ ಅಂಟಿಕೊಳ್ಳುತ್ತದೆ, ಆಮೇಲೆ ಮರಳು. ಕೆಳಗೆ ಕೊಳವೆ ಅರ್ಧ ಖಾಲಿ, ಮೇಲೆ ರಸ್ತೆಯೇ ಹೊಳೆ. ಹೂಳೆತ್ತಿದವರು ಅದನ್ನು ಚರಂಡಿಯ ದಂಡೆಯಲ್ಲೇ ಗುಡ್ಡೆ ಹಾಕಿ ಹೋಗುತ್ತಾರೆ. ಮೊದಲ ಮಳೆಗೇ ಅಷ್ಟೂ ಒಳಕ್ಕೆ ವಾಪಸ್. ಬಿಲ್ಲು ಮಾತ್ರ ಪಾಸಾಗಿರುತ್ತದೆ.

ಹಸಿರುನೆಲ:
ಇಬ್ಬರೂ ನೀರನ್ನು ಓಡಿಸುವ ಮಾತೇ ಆಡುತ್ತಿದ್ದೀರಿ. ಒಂದು ಹೆಕ್ಟೇರ್ ಕಾಂಕ್ರೀಟಿನ ಮೇಲೆ 100 ಮಿ.ಮೀ. ಮಳೆ ಬಿದ್ದರೆ ಹತ್ತು ಲಕ್ಷ ಲೀಟರ್ ನೀರು. ಅದು ನಿಲ್ಲಲು ಜಾಗ ಕೊಡಿ. ಕೋಪನ್‌ಹೇಗನ್ 2011ರ ಜುಲೈ 2ರ ಮೇಘಸ್ಫೋಟದಲ್ಲಿ ಮುಳುಗಿದ ಮೇಲೆ ಉದ್ಯಾನ, ರಸ್ತೆಗಳನ್ನೇ ನೀರು ಹಿಡಿಯುವಂತೆ ರೂಪಿಸುವ ಯೋಜನೆ ಮಾಡಿತು. ರಾಟರ್‌ಡ್ಯಾಮ್‌ನ ಒಂದು ಚೌಕದಲ್ಲಿ ಮಕ್ಕಳು ಆಡುವ ಅಂಗಳವೇ ಮಳೆ ಬಂದಾಗ ಕೊಳವಾಗುತ್ತದೆ.

ಮಳೆಮಾಪಕ:
ಕೋಪನ್‌ಹೇಗನ್ ಸುರಂಗಗಳನ್ನೂ ಸೇರಿಸಿಕೊಂಡಿತು, ಅದನ್ನೇಕೆ ಬಿಟ್ಟಿರಿ? ಚೀನಾದ ಝೆಂಗ್‌ಝೌ ಮಳೆನೀರನ್ನು ಹೀರಿ ಹಿಡಿದಿಡುವ ‘ಸ್ಪಂಜು ನಗರ’ವಾಗಲು ಹೊರಟಿತ್ತು. 2021ರ ಜುಲೈ 20ರಂದು ಒಂದೇ ಗಂಟೆಯಲ್ಲಿ 201.9 ಮಿ.ಮೀ. ಸುರಿಯಿತು. ಯಾವ ಹುಲ್ಲುಹಾಸು ಅದನ್ನು ಕುಡಿಯುತ್ತದೆ?

ಮೂರನೇಪಾಳಿ:
ಅಂದು ಅಲ್ಲಿನ ಮೆಟ್ರೊ ಸುರಂಗಕ್ಕೆ ನೀರು ನುಗ್ಗಿ 14 ಜನ ಸತ್ತರು. ಕೆಂಪು ಎಚ್ಚರಿಕೆ ಮೊದಲೇ ಹೊರಬಿದ್ದಿತ್ತು, ರೈಲು ಮಾತ್ರ ಓಡುತ್ತಲೇ ಇತ್ತು. ಇದು ಹುಲ್ಲಿನ ತಪ್ಪೂ ಅಲ್ಲ, ಕೊಳವೆಯದೂ ಅಲ್ಲ. ಎಷ್ಟು ಮಿಲಿಮೀಟರ್ ಮಳೆಗೆ ರೈಲು ನಿಲ್ಲಬೇಕು, ನಿಲ್ಲಿಸುವ ಅಧಿಕಾರ ಯಾರದು ಎಂಬುದು ಬೇಸಿಗೆಯಲ್ಲೇ ಕಾಗದದ ಮೇಲೆ ಇರಬೇಕು. ಮಳೆಯ ನಡುವೆ ಮೇಲಧಿಕಾರಿಯ ಫೋನಿಗೆ ಕಾಯುತ್ತ ಕೂತರೆ ಕೆಟ್ಟಿತು.
ಬಾಂಗ್ಲಾದೇಶ ಶ್ರೀಮಂತ ದೇಶವಲ್ಲ. 1970ರ ಚಂಡಮಾರುತಕ್ಕೆ ಆ ಭಾಗದಲ್ಲಿ ಕನಿಷ್ಠ ಮೂರು ಲಕ್ಷ ಜನ ಬಲಿಯಾದರು. 2020ರಲ್ಲಿ ಆಂಫನ್ ಬಂದಾಗ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಮೊದಲೇ ಆಶ್ರಯತಾಣಗಳಿಗೆ ಸೇರಿಸಿದ್ದರು. ಸತ್ತವರ ಸಂಖ್ಯೆ ನೂರು ಮುಟ್ಟಲಿಲ್ಲ. ಧ್ವನಿವರ್ಧಕ ಹಿಡಿದು ಮನೆಮನೆಗೆ ಹೋಗುವ ಸ್ವಯಂಸೇವಕರ ಪಾಲು ಅದರಲ್ಲಿ ದೊಡ್ಡದು.

ತಗ್ಗುಬೀದಿ:
ಒಪ್ಪಿದೆ. ಆದರೆ ‘ಭಾರೀ ಮಳೆ ಸಾಧ್ಯತೆ’ ಎಂಬ ಸಂದೇಶದಿಂದ ನನಗೇನು ತಿಳಿಯಬೇಕು? ನಮ್ಮ ಬೀದಿಗೆ ಎಷ್ಟು ಹೊತ್ತಿಗೆ ಮೊಣಕಾಲುದ್ದ ನೀರು ಬರುತ್ತದೆ, ಯಾವ ದಾರಿ ಹಿಡಿಯಬೇಕು, ಹಾಸಿಗೆ ಹಿಡಿದವರನ್ನು ಯಾರು ಎತ್ತಿಕೊಂಡು ಹೋಗುತ್ತಾರೆ, ಅದನ್ನು ಹೇಳಲಿ.

ಹಸಿರುನೆಲ:
ಜೊತೆಗೆ ವಿದ್ಯುತ್. 2012ರ ಸ್ಯಾಂಡಿ ಬಿರುಗಾಳಿಯಲ್ಲಿ ನ್ಯೂಯಾರ್ಕ್‌ನ ದೊಡ್ಡ ಆಸ್ಪತ್ರೆಯೊಂದರ ಜನರೇಟರ್ ಮೇಲಿನ ಮಹಡಿಯಲ್ಲಿ ಸುರಕ್ಷಿತವಾಗಿತ್ತು, ಅದಕ್ಕೆ ಇಂಧನ ಏರಿಸುವ ಪಂಪು ನೆಲಮಾಳಿಗೆಯಲ್ಲಿ ಮುಳುಗಿತು. ಸಿಬ್ಬಂದಿ ಮೆಟ್ಟಿಲುಗಳಲ್ಲಿ ಸಾಲುಗಟ್ಟಿ ನಿಂತು ಇಂಧನವನ್ನು ಕೈಯಿಂದ ಕೈಗೆ ದಾಟಿಸಬೇಕಾಯಿತು.

ಮಳೆಮಾಪಕ:
ಸರಿ, ಪಂಪು ಮೇಲೇರಲಿ. ಆದರೂ ಸುರಂಗದ ಮಾತನ್ನು ನಾನು ಬಿಡುವುದಿಲ್ಲ. ಜನರನ್ನು ಪ್ರತಿ ವರ್ಷ ಎಬ್ಬಿಸಿ ಸಾಗಿಸುತ್ತಲೇ ಇರುವುದೂ ಒಂದು ಪರಿಹಾರವೇ?

ಮೂರನೇಪಾಳಿ:
ಬಿಡಬೇಡಿ. ಟೋಕಿಯೊದ ಆ ಕಾಲುವೆ ಮುಗಿಯಲು ಹತ್ತು ವರ್ಷಕ್ಕೂ ಮೀರಿ ಹಿಡಿಯಿತು. ನಿಮ್ಮದು ಅಷ್ಟೇ ಬೇಗ ಮುಗಿಯುತ್ತದೆ ಎಂದುಕೊಳ್ಳೋಣ. ಅಲ್ಲಿಯವರೆಗಿನ ಮಳೆಗಾಲಗಳಿಗೆ ತಗ್ಗಿನ ಮನೆಗಳ ಪಟ್ಟಿ ಯಾರ ಬಳಿ ಇದೆ?