ನರ್ಸ್‌ಗಳಿಗೆ 40 ಗಂಟೆಯ ಕನ್ನಡ: ಪಠ್ಯಕ್ರಮ ಎಲ್ಲಿಂದ ಶುರು ಮಾಡಬೇಕು?

ಭೀಮಾತೀರ (ಕಲಬುರಗಿ) ಕೇಳಿದ್ದು:

ಇಲ್ಲಿನ ಒಂದು ಆಸ್ಪತ್ರೆಯಲ್ಲಿ ಹೊರರಾಜ್ಯದಿಂದ ಬಂದ 22 ಸ್ಟಾಫ್ ನರ್ಸ್‌ಗಳಿಗೆ ಕನ್ನಡ ಕಲಿಸಬೇಕಾಗಿದೆ. ಹತ್ತು ಮಂದಿ ಮಲಯಾಳಂನವರು, ಏಳು ಮಂದಿ ಹಿಂದಿಯವರು, ಐದು ಮಂದಿ ತೆಲುಗಿನವರು. 2 ಗಂಟೆಯಂತೆ 20 ತರಗತಿ, ಒಟ್ಟು 40 ಗಂಟೆ. ಕೈಯಲ್ಲಿರುವ ಹಳೆಯ ಪಾಠಪಟ್ಟಿ ವರ್ಣಮಾಲೆ, ಲಿಂಗ, ವಚನ, ವಿಭಕ್ತಿ ಅಂತ ಸಾಗುತ್ತದೆ. ಅರ್ಧ ಕೋರ್ಸ್ ಮುಗಿದರೂ 'ಎಲ್ಲಿ ನೋವು?' ಎಂದು ಕೇಳುವ ಮಾತು ಬರುವುದಿಲ್ಲ. ಅದನ್ನು ಬಿಟ್ಟು ಸಂವಹನ ಕೇಂದ್ರಿತ ಪಠ್ಯಕ್ರಮ ಮಾಡೋಣವೆಂದು ಪರಿಚಯ, ಆಸ್ಪತ್ರೆ, ಮಾರುಕಟ್ಟೆ, ಬಸ್ ಸ್ಟ್ಯಾಂಡ್, ಹಬ್ಬಗಳು ಎಂದು ಘಟಕ ಮಾಡಿಕೊಂಡಿದ್ದೇನೆ. ಇದು ಸರಿಯಾ? ವ್ಯಾಕರಣ ಎಲ್ಲಿ ಕೂಡಿಸಬೇಕು? ಪುಸ್ತಕದ ಕನ್ನಡ ಕಲಿಸಬೇಕಾ, ಇಲ್ಲಿಯದಾ?

ತೊಗರಿಕಣಜ:

ನಮಸ್ಕಾರ್ರಿ. ನೀವು ಮಾಡಿರುವುದು ವಿಷಯಗಳ ಪಟ್ಟಿ, ಪಠ್ಯಕ್ರಮ ಇನ್ನೂ ಆಗಿಲ್ಲ. 'ಆಸ್ಪತ್ರೆ' ಎಂಬ ಹೆಸರಿನಡಿ ಕೊನೆಗೆ ಐವತ್ತು ನಾಮಪದ ಬಾಯಿಪಾಠ ಮಾಡಿಸುವುದೇ ಆಗುತ್ತದೆ. ಘಟಕದ ಹೆಸರು ನರ್ಸ್ ಮಾಡಬೇಕಾದ ಕೆಲಸವಾಗಿರಲಿ: ನೋವು ವಿಚಾರಿಸುವುದು, ಗುಳಗಿ ಯಾವಾಗ ತೆಗೆದುಕೊಳ್ಳಬೇಕೆಂದು ತಿಳಿಸುವುದು, ಸೂಜಿ ಮಾಡುವ ಮುಂಚೆ ಸಮಾಧಾನ ಹೇಳುವುದು, ಜೊತೆಗೆ ಬಂದವರನ್ನು ಹೊರಗೆ ಕೂರಲು ಕೇಳಿಕೊಳ್ಳುವುದು. ಭಾಷೆಯಿಂದ ಏನು ಮಾಡುತ್ತೇವೆ ಎನ್ನುವುದರ ಮೇಲೆ ಪಾಠ ಜೋಡಿಸಬೇಕೆಂದು ಭಾಷಾಬೋಧನೆಯ ವಿದ್ವಾಂಸ ಡಿ.ಎ. ವಿಲ್ಕಿನ್ಸ್ 1970ರ ದಶಕದಲ್ಲಿ ವಾದಿಸಿದ್ದು ಇದನ್ನೇ.

ಕೆಲಸಗಳ ಪಟ್ಟಿಯನ್ನು ಮನೆಯಲ್ಲಿ ಕುಳಿತು ಬರೆಯಬೇಡಿ. ಅನುಮತಿ ಪಡೆದು ಒಪಿಡಿ, ವಾರ್ಡ್, ಔಷಧಿ ಕೊಡುವ ಕಿಟಕಿ, ಮೂರು ಕಡೆ ಅರ್ಧರ್ಧ ದಿನ ಕೂತು ಕೇಳಿ. ರೋಗಿಯ ಹೆಸರು, ಕಾಯಿಲೆ ಬರೆದುಕೊಳ್ಳಬೇಡಿ, ಮಾತಿನ ಸಾಲು ಮಾತ್ರ ಸಾಕು. ನರ್ಸ್ ಹೇಳಿದ್ದು ಒಂದು ಪುಟದಲ್ಲಿ, ರೋಗಿ ಹೇಳಿದ್ದು ಇನ್ನೊಂದರಲ್ಲಿ. ಮೂರೂ ಕಡೆ ಬಂದ ಸಾಲು ಮೊದಲ ಘಟಕಕ್ಕೆ, ಒಂದೇ ಕಡೆ ಒಮ್ಮೆ ಬಂದದ್ದು ಕೊನೆಗೆ.

ಗಂಟೆಯ ಲೆಕ್ಕ: ಬರೀ ಕೇಳುವುದಕ್ಕೆ ಮೊದಲ 2 ಗಂಟೆ, ತಲಾ 5 ಗಂಟೆಯ 6 ಘಟಕ, ಹಿಂದಿನದನ್ನು ಮತ್ತೆ ತಿರುವಲು 4, ಪರೀಕ್ಷೆಗೆ 4. ಮಾರುಕಟ್ಟೆ, ಬಸ್ ಸ್ಟ್ಯಾಂಡ್ ಎರಡನ್ನೂ ಸೇರಿಸಿ ಒಂದು ಘಟಕ ಸಾಕು. ಹಬ್ಬ ಬಿಡಿ.

ವ್ಯಾಕರಣ ಹೋಗುವುದಿಲ್ಲ, ನಿಮ್ಮ ಹಾಳೆಯ ಬದಿಯ ಕಾಲಂನಲ್ಲಿ ಇರುತ್ತದೆ. 'ನೋವು ವಿಚಾರಿಸುವುದು' ಘಟಕದ ಎದುರು ನನಗೆ/ನಿಮಗೆ, ಇಲ್ಲಿ/ಎಲ್ಲಿ, -ಇಂದ. 'ಗುಳಗಿ ತಿಳಿಸುವುದು' ಎದುರು -ರಿ ವಿಧಿರೂಪ ('ತಗೊಳ್ರಿ' ಎಂಬಂಥದ್ದು), ಮುಂಚೆ/ಆದ ಮೇಲೆ, ಅರ್ಧ/ಒಂದು/ಎರಡು. ಕಲಿಯುವವರಿಗೆ ಕಾಣುವುದು ಕೆಲಸ, ಕಲಿಸುವವರಿಗೆ ಎರಡೂ. ಇನ್ನೊಂದು ಮುಖ್ಯ ಲೆಕ್ಕ: ಪ್ರತಿ ರೂಪವೂ ಕನಿಷ್ಠ ಮೂರು ಘಟಕಗಳಲ್ಲಿ ತಿರುಗಿ ಬರುತ್ತದಾ ಎಂದು ಗುರುತು ಹಾಕಿ ನೋಡಿ. ಇಂಥ ಪಠ್ಯಕ್ರಮಗಳು ಕೆಡುವುದು ಹೆಚ್ಚಾಗಿ ಇಲ್ಲೇ. ಒಂದೊಂದು ಘಟಕವೂ ಒಂದೊಂದು ವಾಕ್ಯಕೋಶವಾಗಿ ಮುಗಿದುಹೋಗುತ್ತದೆ, ಹೊಸ ವಾಕ್ಯ ಕಟ್ಟಲು ಬರುವುದೇ ಇಲ್ಲ.

ಬೀದರ್‌ಕೋಟೆ:

ಯಾವ ಕನ್ನಡ ಅನ್ನುವ ಪ್ರಶ್ನೆಗೆ ಎರಡು ಉತ್ತರ ಕೊಡಬೇಕಾಗುತ್ತದೆ. ಆಡಲು ಯಾವುದಾದರೂ ನಡೆಯುತ್ತದೆ. ನರ್ಸ್ 'ಎಲ್ಲಿ ನೋವಿದೆ?' ಅಂದರೆ ಆಳಂದದವರಿಗೂ ಸೇಡಂನವರಿಗೂ ತಿಳಿಯುತ್ತದೆ. ಆದರೆ ಅವರು ಕೊಡುವ ಉತ್ತರ ಪುಸ್ತಕದಲ್ಲಿ ಇರುವುದಿಲ್ಲ. ಆದ್ದರಿಂದ ಆಡುವುದಕ್ಕೆ ಒಂದು ಪಟ್ಟಿ, ಕೇಳುವುದಕ್ಕೆ ಒಂದು ಪಟ್ಟಿ ಬೇರೆ ಬೇರೆ ಮಾಡಿ. ಕೇಳುವ ಪಟ್ಟಿ ಎರಡರಷ್ಟು ಉದ್ದವಿರಲಿ.

ಪುಸ್ತಕದಲ್ಲಿ 'ನೋಯುತ್ತಿದೆ', ರೋಗಿಯ ಬಾಯಲ್ಲಿ 'ನೂಸ್ಲಕತ್ತದ'. 'ಜ್ವರ ಬಂದಿದೆ' ಅನ್ನುವುದು 'ಜ್ವರ ಬಂದಾವ'. ಹೊಟ್ಟೆನೋವು 'ಹೊಟ್ಟಿ ಬ್ಯಾನಿ'. 'ಇದೆ' ಅನ್ನುವುದು ಇಲ್ಲಿ 'ಅದ'. ಧಾರವಾಡದ ಕಡೆಯ ಧ್ವನಿಮುದ್ರಿಕೆ ತಂದರೆ ಅಲ್ಲಿ 'ಐತಿ' ಇರುತ್ತದೆ, ಅದೂ ಗೊಂದಲ.

ಎಲ್ಲಕ್ಕಿಂತ ಅಪಾಯದ್ದು ನಿಷೇಧ ರೂಪ. 'ನಿದ್ದಿ ಬರವಲ್ದು' (ನಿದ್ದೆ ಬರುತ್ತಿಲ್ಲ), 'ಊಟ ಸೇರವಲ್ದು' (ಊಟ ಸೇರುತ್ತಿಲ್ಲ), 'ಒಂದಕ್ಕ ಆಗವಲ್ದು' (ಮೂತ್ರ ಆಗುತ್ತಿಲ್ಲ). 'ಇಲ್ಲ' ಎಂಬ ಪದವನ್ನಷ್ಟೇ ಕಲಿತ ನರ್ಸ್ ಈ ಸಾಲಿನಲ್ಲಿ 'ಇಲ್ಲ'ವನ್ನೇ ಹುಡುಕುತ್ತಾರೆ, ಸಿಗುವುದಿಲ್ಲ. 'ನಿದ್ದಿ', 'ಬರ' ಎಂಬ ಎರಡು ತುಣುಕು ಹಿಡಿದು ನಿದ್ದೆ ಬರುತ್ತಿದೆ ಎಂದು ಬರೆದುಕೊಳ್ಳುತ್ತಾರೆ. ಮೂತ್ರ ನಿಂತಿದೆ ಎಂದು ರೋಗಿ ಹೇಳಿದ್ದು, ಸರಿಯಾಗಿ ಆಗುತ್ತಿದೆ ಎಂದು ಕೇಸ್ ಪೇಪರಿಗೆ ಹೋದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. -ವಲ್ದು ಮೊದಲ ವಾರದಲ್ಲೇ ಕಿವಿಗೆ ಬೀಳಬೇಕು. ಹತ್ತು ಸಾಲು ಕೇಳಿಸಿ, ಆಗುತ್ತದೆ/ಆಗುತ್ತಿಲ್ಲ ಎಂದು ಹೆಬ್ಬೆರಳು ಮೇಲೆ ಕೆಳಗೆ ತೋರಿಸಲು ಹೇಳಿ. ಬಾಯಲ್ಲಿ ಆಡಿಸುವ ಅವಸರ ಬೇಡ.

ಸುರಪುರ_ಮೇಷ್ಟ್ರು (ಯಾದಗಿರಿ):

ಮೇಲಿನದಕ್ಕೆ ಸೇರಿಸುವುದು: ಮೂರು ಮಾತೃಭಾಷೆಯವರ ತಪ್ಪು ಮೂರು ಬಗೆ, ಎಲ್ಲರಿಗೂ ಒಂದೇ ಅಭ್ಯಾಸ ಕೊಟ್ಟರೆ ಹೊತ್ತು ಹಾಳು.

'ನನಗೆ ಜ್ವರ ಬಂದಿದೆ' ಎಂಬ ಕಟ್ಟಣೆ ಮೂರೂ ಭಾಷೆಗಳಲ್ಲಿ ಹೆಚ್ಚುಕಡಿಮೆ ಹೀಗೇ ಇದೆ. ವಿಭಕ್ತಿಯ ಉಪನ್ಯಾಸ ಬೇಡ, ಹತ್ತು ನಿಮಿಷದಲ್ಲಿ ಬರುತ್ತದೆ. ಮಲಯಾಳಂ ಕ್ರಿಯಾಪದಕ್ಕೆ ನಾನು-ನೀನು-ಅವರು ಎಂಬ ಪ್ರತ್ಯಯ ಭೇದವಿಲ್ಲ, ಹಾಗಾಗಿ ಅವರು 'ಬಂದೆ, ಬಂದರು, ಬಂತು' ಕಲಸುತ್ತಾರೆ. ತೆಲುಗಿನಲ್ಲಿ ಏಕವಚನದ ಸ್ತ್ರೀಲಿಂಗಕ್ಕೂ ನಪುಂಸಕಕ್ಕೂ ಒಂದೇ ಕ್ರಿಯಾರೂಪ, ಅದಕ್ಕೇ 'ಅವಳು ಬಂತು' ಅನ್ನುತ್ತಾರೆ. ವಾರ್ಡಿನಲ್ಲಿ ಅದು ಅವಮಾನದಂತೆ ಕೇಳಿಸುತ್ತದೆ, 'ಅವರು ಬಂದರು' ಒಂದನ್ನೇ ರೂಢಿ ಮಾಡಿಸಿದರೆ ಅರ್ಧ ತೊಂದರೆ ತಪ್ಪುತ್ತದೆ. ಹಿಂದಿಯವರಿಗೆ ಹ್ರಸ್ವ ಎ, ಒ ಕಷ್ಟ: 'ಕೊಡಿ' ಹೋಗಿ 'ಕೋಡಿ' ಆಗುತ್ತದೆ. ಳ ಕೂಡ ಲ ಆಗುತ್ತದೆ. 'ಹೇಳಿ' ಎಂಬ ಪದದಲ್ಲಿ ಅದು ಏನಾಗುತ್ತದೆ ಎಂದು ನಿಮಗೆ ಗೊತ್ತಿದೆ, ದಿನಾ ಐದು ನಿಮಿಷ ಆ ಏಳು ಮಂದಿಗೆ ಬೇರೆ ಕೊಡಿ.

ಭೂತಕಾಲದ ನಿಯಮ ಹೇಳಲು ಹೋಗಬೇಡಿ. ತಿಂದ್ರಿ, ಕುಡಿದ್ರಿ, ಬಿದ್ರಿ, ಮಲಗಿದ್ರಿ, ಹೋದ್ರಿ, ತಗೊಂಡ್ರಿ, ಇಂಥ ಹನ್ನೆರಡನ್ನು ಇಡಿಯಾಗಿ ಕಲಿಸಿದರೆ ವಾರ್ಡಿನ ಕೆಲಸ ನಡೆಯುತ್ತದೆ.

ಭೀಮಾತೀರ:

ಬಹಳ ಉಪಕಾರ ಆಯಿತು. ಜೋಡಿ ಮಾಡಿ ರೋಗಿ-ನರ್ಸ್ ಸಂಭಾಷಣೆ ಆಡಿಸಿದರೆ ಹಾಳೆ ನೋಡಿ ಓದುತ್ತಾರೆ, ಇಲ್ಲವೆಂದರೆ ಹಿಂದಿಗೆ ಇಳಿಯುತ್ತಾರೆ. ಪರೀಕ್ಷೆಯೂ ಹೀಗೇ ಆದರೆ ಏನು ಅಳೆದಂತಾಯಿತು?

ತೊಗರಿಕಣಜ:

ಇಬ್ಬರ ಕೈಯಲ್ಲೂ ಒಂದೇ ಹಾಳೆ ಇದ್ದರೆ ಕೇಳುವ ಅಗತ್ಯವೇ ಇಲ್ಲವಲ್ಲ. ಒಬ್ಬರಿಗೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ಗೊತ್ತಿರಬಾರದು. ರೋಗಿಯ ಚೀಟಿಯಲ್ಲಿ ಚಿತ್ರ ಮಾತ್ರ: ಹೊಟ್ಟೆಯ ಬಲಭಾಗಕ್ಕೆ ಕೆಂಪು ಗುರುತು, ಕ್ಯಾಲೆಂಡರಿನಲ್ಲಿ ಮೂರು ದಿನಕ್ಕೆ ಗೆರೆ, ಅರ್ಧ ಗುಳಗಿ, ಖಾಲಿ ತಟ್ಟೆ. ಇಂಗ್ಲಿಷ್‌ನಲ್ಲಿ ಬರೆದರೆ ಅದನ್ನೇ ಅನುವಾದ ಮಾಡುತ್ತಾ ಕೂರುತ್ತಾರೆ. ನರ್ಸ್ ಕೈಯಲ್ಲಿ ನಾಲ್ಕು ಖಾನೆಯ ಖಾಲಿ ಫಾರಂ. ಫಾರಂ ತುಂಬಿದರೆ ಕೆಲಸ ಮುಗಿಯಿತು.

ಹಿಂದಿಗೆ ಇಳಿಯುವುದು ಮೊದಲೇ ಜೋಡಿಗೆ ಬಿಟ್ಟಿದ್ದರಿಂದ. ಭಾಷಾಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ಇಂಗ್ಲಿಷ್ ಕಲಿಕೆಗೆ ನಡೆಸಿದ ಪ್ರಯೋಗದಲ್ಲಿ ಶಿಕ್ಷಕರು ಒಂದು ಕೆಲಸವನ್ನು ಇಡೀ ತರಗತಿಯೊಂದಿಗೆ ಮಾಡಿಸಿ, ಅಂಥದ್ದೇ ಇನ್ನೊಂದನ್ನು ಒಬ್ಬೊಬ್ಬರಿಗೆ ಬಿಡುತ್ತಿದ್ದರು. ನೀವೂ ಮೊದಲ ಚೀಟಿಗೆ ನೀವೇ ರೋಗಿಯಾಗಿ, ಇಪ್ಪತ್ತೆರಡು ಮಂದಿಯೂ ನಿಮ್ಮನ್ನೇ ಕೇಳಲಿ. ಎರಡನೆಯ ಚೀಟಿ ಜೋಡಿಗೆ.

ಪರೀಕ್ಷೆಗೆ ಒಬ್ಬೊಬ್ಬರಿಗೆ 5 ನಿಮಿಷ. ರೋಗಿಯ ಪಾತ್ರಕ್ಕೆ ತರಗತಿಯವರಲ್ಲದ, ಇಲ್ಲಿಯ ಮಾತಾಡುವ ಒಬ್ಬರನ್ನು ಕೂರಿಸಿ. 20 ಅಂಕದಲ್ಲಿ ಸರಿಯಾದ ಮಾಹಿತಿಗೆ 8, ತಿಳಿಯದಾಗ 'ಇನ್ನೊಮ್ಮೆ ಹೇಳ್ರಿ', 'ಅಂದರೆ ಏನ್ರಿ?' ಎಂದು ಕೇಳಿದ್ದಕ್ಕೆ 4, ಉಚ್ಚಾರಕ್ಕೆ 4, ಮರ್ಯಾದೆಯ ರೂಪಕ್ಕೆ 4. ತಿಳಿಯದೇ ತಲೆಯಾಡಿಸಿ ಫಾರಂ ತುಂಬಿದರೆ ಆ ಖಾನೆಗೆ ಸೊನ್ನೆ ಕೊಡಿ, ವಾಕ್ಯ ಎಷ್ಟೇ ಶುದ್ಧವಾಗಿರಲಿ.

ಬೀದರ್‌ಕೋಟೆ:

ಆ ನಾಲ್ಕು ಚಿತ್ರಗಳಲ್ಲಿ ಒಂದು -ವಲ್ದು ಇರಲಿ. ಖಾಲಿ ತಟ್ಟೆ ಬಿಟ್ಟು ತುಂಬಿದ ತಟ್ಟೆ, ಪಕ್ಕದಲ್ಲಿ ಮುಖ ತಿರುಗಿಸಿದವರನ್ನು ಬರೆಯಿರಿ. 'ಊಟ ಸೇರವಲ್ದು' ಅದಕ್ಕೇ ಹೊಂದುತ್ತದೆ, ಖಾಲಿ ತಟ್ಟೆ ಕಂಡರೆ 'ಉಂಡೀನಿ' ಅಂದುಬಿಡುತ್ತಾರೆ.