ಪರಮಗೀತೆಯ ಪ್ರಿಯ ಯಾರು, ಪ್ರಿಯೆ ಯಾರು?

ಪ್ರಶ್ನೆ: ಬೈಬಲಿನ ಹಳೆಯ ಒಡಂಬಡಿಕೆಯಲ್ಲಿರುವ ಎಂಟು ಅಧ್ಯಾಯಗಳ ಪ್ರೇಮಕಾವ್ಯ ಪರಮಗೀತೆಯಲ್ಲಿ ಚುಂಬನ, ಮೈಬಣ್ಣ, ದ್ರಾಕ್ಷಿತೋಟ ಎಲ್ಲವೂ ಇವೆ, ಧರ್ಮಾಜ್ಞೆ ಮಾತ್ರ ಒಂದೂ ಇಲ್ಲ. ಇಂಥ ಕಾವ್ಯವನ್ನು ಯೆಹೂದ್ಯರೂ ಕ್ರೈಸ್ತರೂ ಹೇಗೆ ಓದಿಕೊಂಡರು ಎಂಬುದನ್ನು ಬಲ್ಲವರು ತಿಳಿಸಬೇಕು.

ಉತ್ತರ: ಯೆಹೂದ್ಯ ಪರಂಪರೆಯಲ್ಲಿ ಪ್ರಿಯನೆಂದರೆ ದೇವರು, ಪ್ರಿಯೆಯೆಂದರೆ ಇಸ್ರಾಯೇಲ್ ಜನಾಂಗ. ತಾರ್ಗುಮ್ ಎಂಬ ಅರಾಮಿಕ್ ಭಾಷೆಯ ವಿವರಣಾತ್ಮಕ ಅನುವಾದವು ಇಡೀ ಕಾವ್ಯವನ್ನು ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ಇಸ್ರಾಯೇಲರು ಪಡೆದ ಬಿಡುಗಡೆಯಿಂದ, ಮುಂದೆ ಬರಲಿರುವ ರಕ್ಷಕನಾದ ಮೆಸ್ಸೀಯನ ಕಾಲದವರೆಗಿನ ಚರಿತ್ರೆಯಾಗಿ ಬಿಡಿಸುತ್ತದೆ. ಆ ಬಿಡುಗಡೆಯನ್ನು ನೆನೆಯುವ ಪಸ್ಕಹಬ್ಬದ ಸಬ್ಬತ್ತಿನಂದು (ವಾರದ ವಿಶ್ರಾಂತಿದಿನದಂದು) ಅನೇಕ ಸಭಾಮಂದಿರಗಳಲ್ಲಿ ಇದನ್ನು ಓದುವುದೂ ಆ ಅರ್ಥಕ್ಕೆ ಹೊಂದುತ್ತದೆ. ಉಳಿದ ಬರಹಗಳು ಪವಿತ್ರವಾದರೆ ಇದು ಅತಿಪವಿತ್ರ ಎಂದ ಪ್ರಾಚೀನ ಯೆಹೂದ್ಯ ಧರ್ಮಗುರು ರಬ್ಬಿ ಅಕೀವನೇ, ಇದನ್ನು ಔತಣದ ಮನೆಗಳಲ್ಲಿ ರಾಗವೆಳೆದು ಹಾಡುವವರಿಗೆ ಮುಂದಣ ಲೋಕದಲ್ಲಿ ಪಾಲಿಲ್ಲವೆಂದೂ ಎಚ್ಚರಿಸಿದನಂತೆ. ಹಾಗೆ ಹಾಡುವವರು ಇದ್ದರೆಂಬುದಕ್ಕೆ ಆ ಎಚ್ಚರಿಕೆಯೇ ಸಾಕ್ಷಿಯೆಂದು ನನಗನಿಸುತ್ತದೆ.

ಮತ್ತೊಂದು ಉತ್ತರ: ಕ್ರೈಸ್ತರಲ್ಲಿ, 3ನೆಯ ಶತಮಾನದ ಧರ್ಮಪಂಡಿತ ಒರಿಗೆನ್ ಪ್ರಿಯೆಯ ಸ್ಥಾನದಲ್ಲಿ ಕ್ರೈಸ್ತಸಭೆಯನ್ನೂ ವಿಶ್ವಾಸಿಯ ಆತ್ಮವನ್ನೂ ಕಂಡನು. 12ನೆಯ ಶತಮಾನದ ಸಂನ್ಯಾಸಿ ಕ್ಲೇರ್ವೋದ ಬರ್ನಾರ್ಡನು ಈ ಕಾವ್ಯದ ಮೇಲೆ 86 ಪ್ರಸಂಗಗಳನ್ನು (ಧರ್ಮೋಪದೇಶಗಳನ್ನು) ರಚಿಸಿಯೂ ಮೂರನೆಯ ಅಧ್ಯಾಯದ ಆರಂಭವನ್ನು ದಾಟಲಿಲ್ಲ. ಚುಂಬನವನ್ನು ಬಯಸುವ ಆರಂಭದ ಸಾಲೊಂದರ ಮೇಲೆಯೇ ಹಲವು ಪ್ರಸಂಗಗಳಿವೆ.

ಪ್ರಶ್ನೆ ಕೇಳಿದವರು: ಹಾಗಾದರೆ ನೇರವಾದ ಪ್ರೇಮಾರ್ಥವನ್ನು ಯಾರೂ ಒಪ್ಪಲಿಲ್ಲವೇ?

ಉತ್ತರ: ಒಪ್ಪಿದವರಿದ್ದರು. 12ನೆಯ ಶತಮಾನದ ಯೆಹೂದ್ಯ ವ್ಯಾಖ್ಯಾನಕಾರ ಇಬ್ನ್ ಎಜ್ರಾ ಪದಗಳ ಅರ್ಥ, ಪ್ರೇಮಕಥೆ, ರೂಪಕಾರ್ಥ ಎಂದು ಕಾವ್ಯವನ್ನು ಮೂರು ಸುತ್ತು ವ್ಯಾಖ್ಯಾನಿಸುತ್ತಾನೆ; ರೂಪಕವೇ ಮುಖ್ಯವೆಂದು ನಂಬಿದ್ದರೂ ಪ್ರೇಮಿಗಳ ಕಥೆಯನ್ನು ಅಳಿಸಿಹಾಕುವುದಿಲ್ಲ.